ಬಳ್ಳಾರಿಯಲ್ಲಿ ಬದಲಾಯಿಸಬಾರದ ಒಂದೇ ಒಂದು ವಸ್ತು

ನಮ್ಮ ಬಳ್ಳಾರಿಯಲ್ಲಿ ಏನನ್ನು ಬೇಕಾದರೂ ಬದಲಾಯಿಸಬಹುದು. 2014ರಲ್ಲಿ ಊರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಯಿತು. 2021ರಲ್ಲಿ ಜಿಲ್ಲೆಯನ್ನೇ ಬಿಚ್ಚಿ, ಹಂಪಿಯನ್ನೂ ತುಂಗಭದ್ರಾ ಅಣೆಕಟ್ಟನ್ನೂ ಹೊಸ ವಿಜಯನಗರ ಜಿಲ್ಲೆಗೆ ಬೋಲ್ಟ್ ಹಾಕಿ ಕೂರಿಸಿದರು. ಗಣಿಯ ಭರಾಟೆಯಲ್ಲಿ ಆಂಧ್ರದ ಕಡೆಯ ಗಡಿ ಗುರುತುಗಳು ಎಷ್ಟು ಅಳಿಸಿಹೋದವೆಂದರೆ, ಎರಡು ರಾಜ್ಯಗಳ ನಡುವಿನ ಗೆರೆ ಎಲ್ಲಿದೆ ಅಂತ ಸರ್ವೆ ಆಫ್ ಇಂಡಿಯಾದವರು ಬಂದು ಮತ್ತೆ ಅಳೆಯಬೇಕಾಯಿತು. ಗುಡ್ಡ ಇದ್ದಲ್ಲಿ ಗುಂಡಿ ಬಂತು. ಇದೆಲ್ಲ ನಡೆಯುತ್ತೆ, ಏನೂ ತೊಂದರೆ ಇಲ್ಲ.

ಕಾರಿನ ಕಾರ್ಬುರೇಟರ್ ಮಾತ್ರ ಮುಟ್ಟಬಾರದು. ಅದೇ, ಎಂಜಿನ್ನಿಗೆ ಗಾಳಿ-ಪೆಟ್ರೋಲು ಬೆರೆಸಿ ಕೊಡುವ ಪುಟ್ಟ ಭಾಗ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹಾಗೆ ಹೇಳುತ್ತದೆ. ಕಂಪನಿ ಕೊಟ್ಟಿದ್ದು ಹೇಗಿತ್ತೋ ಹಾಗೇ ಇರಬೇಕು ಅಂತ ಸುಪ್ರೀಂ ಕೋರ್ಟೂ 2019ರ ಜನವರಿಯಲ್ಲಿ ಸ್ಪಷ್ಟ ಮಾಡಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂತು. ಈಗ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಕಾನೂನು ಒಳ್ಳೆಯದೇ. ಕಂಡಕಂಡವರು ಕಂಡಕಂಡ ಹಾಗೆ ಗಾಡಿ ಕೊಯ್ದರೆ ರಸ್ತೆಯಲ್ಲಿ ಓಡಾಡೋರ ಗತಿ ಏನು? ನನಗೆ ಹೊಟ್ಟೆಕಿಚ್ಚು ಇಷ್ಟೇ: ಇಂಥದ್ದೊಂದು 'ಪ್ರತಿ ಬದಲಾವಣೆಗೆ 5000' ಅನ್ನೋ ನಿಯಮ ಗುಡ್ಡಗಳಿಗೂ ಇದ್ದಿದ್ದರೆ ಚೆನ್ನಾಗಿತ್ತು, ಅಲ್ವಾ?

ಈಗ ಆರೋಪಿಯನ್ನು ಪರಿಚಯ ಮಾಡಿಕೊಡುತ್ತೇನೆ. ನನ್ನ ಗೆಳೆಯ. ಅವನ ಹತ್ತಿರ ಒಂದು ಹಳೇ ಮಾರುತಿ 800 ಇದೆ. 796 ಸಿಸಿ, ಮೂರು ಸಿಲಿಂಡರ್, ಕಾರ್ಬುರೇಟರ್ ಜಾಗಕ್ಕೆ ಪೆಟ್ರೋಲು ಚಿಮ್ಮಿಸೋ ಎಂಪಿಎಫ್‌ಐ ಬರೋದಕ್ಕಿಂತ ಮುಂಚಿನದು. ಅದರ ಕಾರ್ಬುರೇಟರಿನ ಥ್ರಾಟಲ್ ಶಾಫ್ಟ್ (ಗಾಳಿಯ ಬಾಗಿಲು ತಿರುಗಿಸೋ ಕಡ್ಡಿ) ಸವೆದು ಪಕ್ಕದಿಂದ ಗಾಳಿ ಎಳೆಯುತ್ತಿತ್ತು. ಸಿಗ್ನಲ್‌ನಲ್ಲಿ ನಿಂತರೆ ಗಾಡಿ ಆಫ್. ಹೊಸದಕ್ಕೆ ಕೇಳಿದ ರೇಟು ಅವನಿಗೆ ಸೇರಲಿಲ್ಲ. ಕೌಲ್ ಬಜಾರಿನ ಒಂದು ಶೆಡ್ಡಿನಲ್ಲಿ ಕೂತು ಲೆಕ್ಕ ಹಾಕಿದ. ಒಂದು ಸಿಲಿಂಡರಿಗೆ 265 ಸಿಸಿ. ಪಲ್ಸರ್ ಬೈಕು 220 ಸಿಸಿ. ಹತ್ತಿರಹತ್ತಿರ ಅದೇ. ಗುಜರಿಯಿಂದ ಮೂರು ಪಲ್ಸರ್ ಕಾರ್ಬುರೇಟರ್ ತಂದು ಸಿಲಿಂಡರಿಗೊಂದರಂತೆ ಕೂರಿಸಿದರೆ ರೇಸ್ ಕಾರು! ವಿದೇಶದಲ್ಲಿ ಹಳೇ ಕಾರಿನವರು ದುಬಾರಿ ವೆಬರ್ ಕಂಪನಿಯ ಕಾರ್ಬುರೇಟರ್ ಬಿಟ್ಟು ಯಮಹಾ ಆರ್1 ಬೈಕಿನ ನಾಲ್ಕು ಕಾರ್ಬುರೇಟರಿನ ಸೆಟ್ ಹಾಕಿಕೊಳ್ಳೋದು ನಿಜ. ಅದು ಕೆಲಸ ಮಾಡೋದೂ ನಿಜ. ಅವನ ಬಜೆಟ್ 5000 ರೂಪಾಯಿ. ದಂಡವೂ ಅಷ್ಟೇ ಅಂತ ಆಗ ಅವನಿಗೆ ಗೊತ್ತಿರಲಿಲ್ಲ.

ಮೊದಲು ಮ್ಯಾನಿಫೋಲ್ಡ್, ಅಂದರೆ ಕಾರ್ಬುರೇಟರಿನಿಂದ ಸಿಲಿಂಡರುಗಳಿಗೆ ಹೋಗೋ ಕೊಳವೆ. ಹಳೇದನ್ನು ಬಿಚ್ಚಿಟ್ಟು, ಕಬ್ಬಿಣದ ಪಟ್ಟಿಗೆ ಮೂರು ಪೈಪ್ ವೆಲ್ಡ್ ಮಾಡಿಸಿದ. ವೆಲ್ಡಿಂಗ್ ಬಿಸಿಗೆ ಪಟ್ಟಿ ಬಾಳೆಹಣ್ಣಿನ ಹಾಗೆ ಬಾಗಿತು. ಲೇತ್‌ನವನಿಗೆ ಕೊಟ್ಟು ಮಟ್ಟ ಮಾಡಿಸಬೇಕಾಯಿತು. ಅಲ್ಲಿಗೆ ಬಜೆಟ್ ಮುಗಿಯಿತು. ಆಮೇಲಿಂದ ನಡೆದದ್ದನ್ನು ಅವನು 'ಪರಿಷ್ಕೃತ ಅಂದಾಜು' ಅಂತ ಕರೆಯುತ್ತಾನೆ. ಹೆಂಡತಿಗೆ ತಿಳಿಸದೆ ಪರಿಷ್ಕರಿಸಿದ ಅಂದಾಜು.

ಆಮೇಲೆ ಪೆಟ್ರೋಲು. ಬೈಕಿನಲ್ಲಿ ಟ್ಯಾಂಕ್ ಮೇಲಿರುತ್ತೆ, ಪೆಟ್ರೋಲು ತಾನಾಗೇ ಇಳಿಯುತ್ತೆ. ಕಾರ್ಬುರೇಟರಿನ ಅಡಿಯ ಪೆಟ್ರೋಲು ಬಟ್ಟಲು (ಬೌಲ್) ತುಂಬಿದಾಗ ಮುಚ್ಚಿಕೊಳ್ಳೋ ಪುಟಾಣಿ ಫ್ಲೋಟ್ ನೀಡಲ್ ಆ ಮೆಲ್ಲನೆಯ ಹರಿವನ್ನು ತಡೆಯೋಕೆ ಸಾಕು. ಕಾರಿನಲ್ಲಿ ಪಂಪ್ ಇದೆ, ಅದು ತಳ್ಳುತ್ತೆ. ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಮೂರೂ ಬೌಲ್‌ಗಳು ಓವರ್‌ಫ್ಲೋ ಆಗಿ, ಬಿಸಿ ಸೈಲೆನ್ಸರ್ ಕಡೆ ಪೆಟ್ರೋಲು ಸುರಿಯಿತು. ಹತ್ತಿರ ಬೀಡಿ ಸೇದುತ್ತಿದ್ದವರು ಓಡಿದರು. ಪ್ರೆಶರ್ ರೆಗ್ಯುಲೇಟರ್ ಬಂತು. ಪರಿಷ್ಕೃತ ಅಂದಾಜು, ಭಾಗ ಎರಡು.

ಇನ್ನು ಟ್ಯೂನಿಂಗ್. ಇದನ್ನು ನೀವು ನೋಡಬೇಕಿತ್ತು. ಮೂರು ಕಾರ್ಬುರೇಟರಿನ ಗಾಳಿ ಬಾಗಿಲುಗಳೂ, ಅಂದರೆ ಬಟರ್‌ಫ್ಲೈಗಳೂ, ಕೂದಲೆಳೆ ವ್ಯತ್ಯಾಸವಿಲ್ಲದೆ ಒಟ್ಟಿಗೆ ತೆರೆಯಬೇಕು. ಇಲ್ಲದಿದ್ದರೆ ಒಂದು ಸಿಲಿಂಡರ್ ದುಡಿಯುತ್ತೆ, ಉಳಿದೆರಡು ಜೊತೆಗೆ ಪ್ರಯಾಣ ಮಾಡುತ್ತವೆ. ಅದಕ್ಕೆ ಎಂಜಿನ್ನಿನ ಎಳೆತ ಅಳೆಯೋ ವ್ಯಾಕ್ಯೂಮ್ ಗೇಜ್ ಬೇಕು. ಶೆಡ್ಡಿನ ಮೇಸ್ತ್ರಿ ಹತ್ತಿರ ಇದ್ದದ್ದು ಒಂದು ಮೊಳ ಡ್ರಿಪ್ ಪೈಪು. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರಿನ ಬಾಯಿಗೆ. ಕಣ್ಣು ಮುಚ್ಚಿ 'ಸ್ಸ್ಸ್' ಸದ್ದು ಕೇಳಿ, ಸ್ಕ್ರೂ ಕಾಲು ಸುತ್ತು ತಿರುವಿ, ಮುಂದಿನದಕ್ಕೆ ಹೋಗುತ್ತಿದ್ದ. ತಮಾಷೆ ಅಂದರೆ ಇದು ನಿಜಕ್ಕೂ ಕೆಲಸ ಮಾಡುತ್ತೆ. ಮೂರನೇದಕ್ಕೆ ಬರುವಷ್ಟರಲ್ಲಿ ಮೊದಲನೇದು ಅದುರಿ ಸಡಿಲ ಆಗಿರುತ್ತೆ, ಅದೊಂದೇ ತೊಂದರೆ.

ಎಂಜಿನ್ನಿನ ಎಳೆತದಿಂದ ಬ್ರೇಕ್ ಪೆಡಲನ್ನು ಹಗುರ ಮಾಡುವ ಬ್ರೇಕ್ ಬೂಸ್ಟರಿಗೆ ಹೋಗುವ ವ್ಯಾಕ್ಯೂಮ್ ಪೈಪನ್ನು ಹಳೇ ಮ್ಯಾನಿಫೋಲ್ಡ್ ಜೊತೆಗೇ ಬಿಚ್ಚಿಟ್ಟಿದ್ದರು. ಅದನ್ನು ಮತ್ತೆ ಎಲ್ಲೂ ಸೇರಿಸಿರಲಿಲ್ಲ. ಪೆಡಲ್ ಕಲ್ಲಿನಂತೆ ಗಟ್ಟಿ. "ಏನಾಗಲ್ಲ ಬಿಡ್ರಿ, ಸ್ವಲ್ಪ ಜೋರಾಗಿ ತುಳೀರಿ" ಅಂದ ಮೇಸ್ತ್ರಿ. ಕಾನೂನು ಯಾಕಿದೆ ಅಂತ ಆ ಕ್ಷಣದಲ್ಲಿ ನನಗೆ ಅರ್ಥವಾಯಿತು. ಆದರೆ ಬಾನೆಟ್ ತೆಗೆದು ಆ ಪೈಪ್ ಎಲ್ಲಿದೆ ಅಂತ ಇವತ್ತಿನವರೆಗೆ ಯಾರೂ ನೋಡಿಲ್ಲ.

ಹೊಗೆ ತಪಾಸಣೆಗೂ ಹೋಗಿ ಬಂದೆವು. ಅಲ್ಲಿನ ಹುಡುಗ ಬಹಳ ಶಿಸ್ತಿನವನು. ನಂಬರ್ ಪ್ಲೇಟಿನ ಫೋಟೋ ಮಸುಕಾಗಿದೆ ಅಂತ ಎರಡು ಸಲ ಗಾಡಿ ಹಿಂದೆ ಮುಂದೆ ಮಾಡಿಸಿದ. ಸೈಲೆನ್ಸರಿನ ಕಪ್ಪು ಹೊಗೆ ಫೋಟೋದಲ್ಲಿ ಅಡ್ಡ ಬರುತ್ತಿತ್ತು, ಅದಕ್ಕೆ ಎಂಜಿನ್ ಆಫ್ ಮಾಡಲು ಹೇಳಿದ. ಆಫ್ ಆದ ಎಂಜಿನ್ ಬಹಳ ಕಡಿಮೆ ಹೊಗೆ ಬಿಡುತ್ತದೆ. ಸರ್ಟಿಫಿಕೇಟ್ ಸಿಕ್ಕಿತು.

ಅಸಲಿ ಸಂಗತಿ ಒಂದು ವಾರ ಓಡಿಸಿದ ಮೇಲೆ ಗೊತ್ತಾಯಿತು. ಕಾರಿಗೆ ಕಂಪನಿಯವರು ಕೊಟ್ಟಿದ್ದ ದೊಡ್ಡ ಏರ್ ಫಿಲ್ಟರ್ ಡಬ್ಬಿ ಮೂರು ಕಾರ್ಬುರೇಟರಿಗೆ ಕೂರುವುದಿಲ್ಲ. ಇವನು ಬಾಯಿಗೆ ಸ್ಪಂಜ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದ. ತೋರಣಗಲ್ಲು ದಾಟಿ ಸಂಡೂರು ಕಡೆ ಒಂದು ಸಲ ಹೋಗಿ ಬಂದ. ಅದಿರಿನ ಲಾರಿಗಳ ಹಿಂದೆ. ಬಂದು ಫ್ಲೋಟ್ ಬೌಲ್ ಬಿಚ್ಚಿದರೆ ತಳದಲ್ಲಿ ಕೆಂಪಗೆ, ಬೆರಳಿಗೆ ಅಂಟುವಷ್ಟು ನುಣ್ಣಗೆ ಕೂತಿದೆ. ಮೇಸ್ತ್ರಿ ಉಜ್ಜಿ ನೋಡಿ "ಒಳ್ಳೆ ಗ್ರೇಡಿಂದು ಸಾರ್" ಅಂದ.

ಈಗ ಕಾನೂನು ತೊಡಕು ನೋಡಿ. ಮೂರು ಬೌಲ್‌ಗಳಲ್ಲಿ ಅದಿರು ತುಂಬಿಕೊಂಡು ಪರ್ಮಿಟ್ ಇಲ್ಲದೆ ತಾಲೂಕು ದಾಟಿದ್ದಾನೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವ ಮುಂಚೆ ನಡೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅದಕ್ಕೂ ಹಿಂದಿನ ವರ್ಷ ಜಪ್ತಿ ಮಾಡಿಟ್ಟ ಅದಿರೇ ಬೇಲೇಕೇರಿ ಬಂದರಿನಿಂದ ರಾಶಿರಾಶಿ ಕಾಣೆಯಾಗಿತ್ತಲ್ಲ, ಅದರ ಮುಂದೆ ಇದು ಚಮಚದ ಲೆಕ್ಕ. ಆದರೆ ಇವನು ಸಿಕ್ಕಿಬೀಳುತ್ತಾನೆ. ಲಾರಿಗಟ್ಟಲೆ ಸಾಗಿಸಿದ್ದರೆ ವಕೀಲರಿಗೆ ದುಡ್ಡಾದರೂ ಇರುತ್ತಿತ್ತು.

ಇನ್ನೊಂದು ಪ್ರಶ್ನೆಯೂ ಉಳಿದಿದೆ. ಮೂರು ಕಾರ್ಬುರೇಟರ್ ಅಂದರೆ ಒಂದು ಬದಲಾವಣೆಯೋ ಮೂರೋ? ಒಂದಾದರೆ 5000, ಮೂರಾದರೆ 15,000. ಮ್ಯಾನಿಫೋಲ್ಡ್, ರೆಗ್ಯುಲೇಟರ್ ಬೇರೆ ಲೆಕ್ಕ ಹಿಡಿದರೆ ದಂಡ ಕಾರಿನ ಬೆಲೆ ಸಮೀಪಿಸುತ್ತದೆ. ಗೆಳೆಯ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ ಕಾಯ್ದೆಯ ಅದೇ 52ನೇ ಕಲಮನ್ನು ಮೊಬೈಲಿನಲ್ಲಿ ಓದಿಸಿಕೊಂಡ. ಅದರೊಳಗೇ ಒಂದು ವಿನಾಯಿತಿ ಇದೆ. ಒಪ್ಪಿಗೆ ಪಡೆದ ಗ್ಯಾಸ್ ಕಿಟ್ ಹಾಕಿಸಿ ಆರ್‌ಸಿಯಲ್ಲಿ ಬರೆಸಿದರೆ ತಕರಾರಿಲ್ಲ.

ಈಗ ಎಲ್‌ಪಿಜಿ ಕಿಟ್‌ಗೆ ರೇಟು ಕೇಳಿಕೊಂಡು ಬಂದಿದ್ದಾನೆ. ಪರಿಷ್ಕೃತ ಅಂದಾಜು, ಭಾಗ ಐದೋ ಆರೋ. ಪಲ್ಸರ್ ಕಾರ್ಬುರೇಟರ್ ಏನು ಮಾಡ್ತೀಯಪ್ಪಾ ಅಂತ ಕೇಳಿದೆ.

"ಅವು ಅಲ್ಲೇ ಇರ್ತಾವ ಬಿಡ್ರಿ. ಸಿಲಿಂಡರ್ ಡಿಕ್ಕಿಯಾಗ ಇರ್ತದ. ಹಿಡಿದು ನಿಲ್ಲಿಸಿದವರು ಡಿಕ್ಕಿ ತಗಿಸಿ ನೋಡ್ತಾರ. ಬಾನೆಟ್ ಯಾಕ ತಗಿಸ್ತಾರ?"