90 ದಿನಕ್ಕೊಂದು ಹೊಸ ಪಾಸ್‌ವರ್ಡ್: ಬೇಕೇ, ಬೇಡವೇ?

ಪರ: ಒಬ್ಬರಿಗೊಂದೇ ಕೀಲಿ

ಈ ಚರ್ಚೆಗೆ ಪರವಾಗಿ ಬರೆಯಿರಿ ಎಂದು ಸಂಪಾದಕರು ಹೇಳಿದರು, ಬರೆಯುತ್ತಿದ್ದೇನೆ. ನಾನು ದಾವಣಗೆರೆಯಲ್ಲಿ ಆಡಿಟರ್ ಒಬ್ಬರ ಆಫೀಸಿನಲ್ಲಿದ್ದೇನೆ. ಲೆಕ್ಕ ನೋಡಲು ಹೋದ ಕಡೆಯೆಲ್ಲ ಸಾಮಾನ್ಯವಾಗಿ ಕಾಣುವುದು ಇಷ್ಟು: ಮೂರು ಕಂಪ್ಯೂಟರ್, ಐದು ಗುಮಾಸ್ತರು, ಪಾಸ್‌ವರ್ಡ್ ಒಂದೇ. ಅದೂ ಸಾಹುಕಾರರ ಮಗಳ ಹೆಸರು. ಕೆಲಸ ಬಿಟ್ಟುಹೋದ ಹುಡುಗನಿಗೂ ಗೊತ್ತು. ಬಿಲ್ ತಿದ್ದಿದ್ದು ಯಾರು ಅಂದರೆ ಎಲ್ಲರೂ ಫ್ಯಾನ್ ನೋಡುತ್ತಾರೆ.

ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯೂ ದಾಖಲಾಗಬೇಕು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಐದೂ ಜನ ಒಂದೇ ಹೆಸರಲ್ಲಿ ಒಳಗೆ ಬಂದರೆ ಆ ದಾಖಲೆ ಯಾರನ್ನು ತೋರಿಸಬೇಕು? ಅದಕ್ಕೇ ಒಬ್ಬರಿಗೊಂದು ಲಾಗಿನ್, ಒಂದು ಹೊತ್ತಿಗೆ ಒಂದೇ ಕಡೆ. ಟೀ ಕುಡಿಯಲು ಎದ್ದು ಹೋದರೆ 15 ನಿಮಿಷಕ್ಕೆ ತಾನೇ ಮುಚ್ಚಿಕೊಳ್ಳಲಿ. ಕಾರ್ಡ್ ಪಾವತಿ ನಡೆಸುವವರಿಗಿರುವ ಪಿಸಿಐ ಎಂಬ ಭದ್ರತಾ ನಿಯಮದಲ್ಲೂ ಅಷ್ಟೇ ಹೊತ್ತು.

90 ದಿನಕ್ಕೊಮ್ಮೆ ಬದಲಾವಣೆ? ಅದೂ ಇರಲಿ. ನನ್ನ ಪಾಸ್‌ವರ್ಡ್‌ನ ಕೊನೆಯ ಅಂಕಿ ಈಗ 7ಕ್ಕೆ ಬಂದಿದೆ. ಇದನ್ನು ಇಲ್ಲಿ ಬರೆಯಬಾರದಿತ್ತೇನೋ.

ವಿರೋಧ: ಟ್ರ್ಯಾಕ್ಟರ್ ಕಾಯುವುದಿಲ್ಲ

ಎದುರಿನವರ ಮಾತು ಕೇಳಿದರೆ ಗುಮಾಸ್ತರೆಲ್ಲ ಕಳ್ಳರು, ಆಡಿಟರ್ ಆಫೀಸಿನವರು ಮಾತ್ರ ಸಾಚಾ. ಇರಲಿ ಬಿಡಿ.

ನಾನು ದಾವಣಗೆರೆ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ರೈತರ ಮಾಲಿನ ಲೆಕ್ಕದ ಪಟ್ಟಿ ಬರೆಯುವವನು. ದೀಪಾವಳಿ ಹಿಂದುಮುಂದು ಮೆಕ್ಕೆಜೋಳ ಬರುವಾಗ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಂಥ ಒಂದು ದಿನ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ತಿಂಗಳಾಗಿತ್ತು. ಕರೆಂಟ್ ಬಂದ ಮೇಲೆ ಲಾಗಿನ್ ಆಗಲು ಹೋದರೆ, 'ನೀವು ಈಗಾಗಲೇ ಒಳಗಿದ್ದೀರಿ' ಅಂತ ಬಂತು. ನಾನು ಹೊರಗೇ ನಿಂತಿದ್ದೇನೆ, ಮಾರಾಯರೇ! ಆರಿಹೋದ ಕಂಪ್ಯೂಟರ್‌ನ ಸೆಷನ್, ಅಂದರೆ ನಾನು ಒಳಗಿದ್ದೇನೆ ಎಂಬ ಗುರುತು, ಸರ್ವರ್‌ನಲ್ಲಿ ಇನ್ನೂ ಜೀವಂತ. ಅದು ಸಾಯುವವರೆಗೆ ನನಗೆ ಪ್ರವೇಶವಿಲ್ಲ. ಪಕ್ಕದವನ ಲಾಗಿನ್ ನೋಡೋಣ ಅಂದರೆ ಅವನ 90 ದಿನ ಅವತ್ತೇ ಮುಗಿದಿತ್ತು. ಹೊಸದನ್ನು ಹಾಕಿದ, ಗಡಿಬಿಡಿಯಲ್ಲಿ ಮರೆತ, ಮೂರು ಸಲ ತಪ್ಪು ಹೊಡೆದ. ಅದೂ ಲಾಕ್. ಸಾಫ್ಟ್‌ವೇರ್‌ನವರು ಫೋನ್ ಎತ್ತಲಿಲ್ಲ.

ಹೊರಗೆ ಜಗಳೂರು ಕಡೆಯ ರೈತರೊಬ್ಬರು ಟ್ರ್ಯಾಕ್ಟರ್ ಬಾಡಿಗೆ ಲೆಕ್ಕ ಹಾಕುತ್ತ ನಿಂತಿದ್ದರು. "ಕಾಳು ಮಾರಾಕ ಬಂದೀವಿ, ನಿಮ್ ಪೆಟ್ಟಿಗೆ ಬಾಗ್ಲು ಕಾಯಾಕಲ್ಲ" ಅಂದರು. ಕೊನೆಗೆ ಹಳೇ ಕೆಂಪು ಬಟ್ಟೆಯ ಪುಸ್ತಕ ತೆಗೆದು ಕೈಯಲ್ಲೇ ಪಟ್ಟಿ ಬರೆದೆ.

ಇದು ನನ್ನೊಬ್ಬನ ಸಿಟ್ಟಲ್ಲ. ಎನ್‌ಐಎಸ್‌ಟಿ ಎಂಬ ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆಯ ಹಳೆಯ ಮಾರ್ಗಸೂಚಿಯಲ್ಲಿ ಇಂಥ ಪಾಸ್‌ವರ್ಡ್ ಸಲಹೆ ಬರೆದ ಬಿಲ್ ಬರ್, ಅದಕ್ಕಾಗಿ ವಿಷಾದವಿದೆ ಎಂದು 2017ರಲ್ಲಿ ಹೇಳಿದರು. ಸೋರಿಕೆಯ ಸುಳಿವಿದ್ದರೆ ಬದಲಿಸಿ, ಸುಮ್ನೆ ತಿಂಗಳೆಣಿಸಿ ಬೇಡ ಎಂದು ಎನ್‌ಐಎಸ್‌ಟಿಯೂ ಅದೇ ವರ್ಷ ಹೇಳಿತು. 2019ರಲ್ಲಿ ಮೈಕ್ರೋಸಾಫ್ಟ್ ಕೂಡ ವಿಂಡೋಸ್‌ಗೆ ಕೊಡುವ ಭದ್ರತಾ ಶಿಫಾರಸಿನಿಂದ ಅವಧಿ ಮುಗಿಯುವ ನಿಯಮವನ್ನು ಕೈಬಿಟ್ಟಿತು. ಕಾರಣ ಸರಳ. ಪದೇ ಪದೇ ಬದಲಿಸು ಅಂದರೆ ಜನ ಅಂಕಿ ಏರಿಸುತ್ತಾರೆ, ಇಲ್ಲವೇ ಬರೆದಿಡುತ್ತಾರೆ. ಎದುರಿನವರ 7 ನೋಡಿದಿರಲ್ವಾ?

ನಮ್ಮಲ್ಲಿ ಈಗ ಪಾಸ್‌ವರ್ಡ್ ಕ್ಯಾಲೆಂಡರ್ ಹಿಂದೆ ಬರೆದಿದೆ. ಸಾಹುಕಾರರೇ ಬರೆಸಿದ್ದು. ಹಳೆಯ ನಾಲ್ಕನ್ನು ಯಾರೂ ಹೊಡೆದುಹಾಕಿಲ್ಲ, ಹಾಗಾಗಿ ಮೊದಲು ಕೆಳಗಿನದನ್ನು ಹಾಕಿ ನೋಡುತ್ತೇವೆ.