ಆರು ಗಂಟೆ ನಿದ್ದೆ 'ಅಭ್ಯಾಸ' ಆಗುತ್ತದೆಯೇ?

"ಎರಡು ವಾರ ಆರೇ ಗಂಟೆ ಮಲಗಿ, ಮೆದುಳು ತಾನಾಗಿ ಒಗ್ಗಿಕೊಳ್ಳುತ್ತದೆ" ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಪರೀಕ್ಷೆಗೆ ಓದುವ ಮಕ್ಕಳಿಗೂ ಇದನ್ನೇ ಕಳಿಸುತ್ತಿದ್ದಾರೆ. ಇದು ತಪ್ಪು.

ಒಗ್ಗಿಕೊಳ್ಳುವುದು ಮೆದುಳಲ್ಲ, ನಮ್ಮ ಅನಿಸಿಕೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ 2003ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. 48 ಆರೋಗ್ಯವಂತರ ಪೈಕಿ ಕೆಲವರಿಗೆ 14 ದಿನ ರಾತ್ರಿ ನಾಲ್ಕು ಗಂಟೆ, ಕೆಲವರಿಗೆ ಆರು, ಕೆಲವರಿಗೆ ಎಂಟು ಗಂಟೆ ಮಲಗಲು ಬಿಟ್ಟರು. ಆರು ಮತ್ತು ನಾಲ್ಕು ಗಂಟೆಯವರ ಗಮನ, ನೆನಪು ದಿನೇ ದಿನೇ ಕುಸಿಯಿತು. ಕೊನೆಗೆ ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಬಂತು. ತಮಾಷೆ ಏನು ಗೊತ್ತಾ? "ನಿದ್ದೆ ಬರ್ತಿದೆಯಾ" ಎಂದರೆ ಅವರ ಉತ್ತರ ಮೊದಲ ಕೆಲವು ದಿನಗಳ ನಂತರ ಹೆಚ್ಚೇನೂ ಬದಲಾಗಲಿಲ್ಲ! ಕುಡಿದವನು "ನಾನು ಸರಿಯಾಗೇ ಇದ್ದೀನಿ" ಅಂದ ಹಾಗೆ, ಅಲ್ವಾ?

ಕಡಿಮೆ ನಿದ್ದೆಯಲ್ಲೂ ಚುರುಕಾಗಿರುವವರು ಇದ್ದಾರೆ, ಸುಳ್ಳಲ್ಲ. ಅದು ಜೀನ್‌ನಿಂದ ಬಂದದ್ದು, ಬಹಳ ಅಪರೂಪ. ರೂಢಿಯಿಂದ ಬರುವುದಿಲ್ಲ.

ಮನಸ್ಸಿನ ವಿಷಯವೂ ಅಷ್ಟೇ. ನಿದ್ದೆ ಕೆಟ್ಟರೆ ಆತಂಕ, ಖಿನ್ನತೆ ಜಾಸ್ತಿಯಾಗಬಹುದು. ಅವು ಬಂದರೆ ಮತ್ತೆ ನಿದ್ದೆ ಕೆಡುತ್ತದೆ. ವಾರಗಟ್ಟಲೆ ಹೀಗಿದ್ದರೆ ವೈದ್ಯರಿಗೆ ತೋರಿಸಿ.