ಕವುಚಿ ಹಾಕಿದ ಹಾಳೆ

ಕಳೆದ ತಿಂಗಳು ಒಂದು ಭಾನುವಾರ ನಮ್ಮ ವಾರ್ಡಿನ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕ ಮನೆಗೆ ಬಂದವರು ಅಂಗಳದಲ್ಲಿ ನಿಲ್ಲಲಿಲ್ಲ, ಸೀದಾ ತೋಟಕ್ಕೇ ಇಳಿದರು. ಅಡಿಕೆ ಮರದ ಬುಡದಲ್ಲಿ ಬಿದ್ದಿದ್ದ ಹಾಳೆಯನ್ನು ಓರೆ ಮಾಡಿ ಅಮ್ಮನಿಗೆ ತೋರಿಸಿದರು. ಒಂದು ಬೊಗಸೆ ಮಳೆನೀರು, ಅದರಲ್ಲಿ ಕೊಂಕುತ್ತಾ ಮೇಲೆ ಕೆಳಗೆ ಆಡುವ ಹತ್ತಿಪ್ಪತ್ತು ಸೊಳ್ಳೆ ಮರಿಗಳು.

"ಅಮ್ಮಾ, ಇನ್ನು ನಾಲ್ಕು ದಿನ ಬಿಟ್ರೆ ಇದೆಲ್ಲ ಹಾರ್ತದೆ."

"ಮಳೆಗಾಲದಲ್ಲಿ ಹಾಳೆಯಲ್ಲಿ ನೀರಲ್ಲದೆ ಮತ್ತೆಂತ ನಿಲ್ಲುದು ಮಾರಾಯ್ತಿ!"

ಡೆಂಗಿ ಸೊಳ್ಳೆಗೆ ಚರಂಡಿ ಬೇಡ, ಇಂಥ ತಿಳಿನೀರೇ ಬೇಕು. ಮೊಟ್ಟೆ ಒಡೆದು ರೆಕ್ಕೆ ಬರಲು ವಾರ, ಹತ್ತು ದಿನ. ಅದಕ್ಕೇ ವಾರಕ್ಕೊಂದು ಡ್ರೈ ಡೇ, ಅಂದರೆ ನಿಂತ ನೀರು ಚೆಲ್ಲುವ ದಿನ. (ಹೆಸರು ಕೇಳಿ ಬ್ರಾಂದಿ ಅಂಗಡಿ ಬಂದ್ ಅಂದುಕೊಂಡವರು ನಮ್ಮೂರಲ್ಲಿ ಇದ್ದಾರೆ.) ಹಾಳೆ, ಅಳಿಲು ಕೊರೆದ ಕೊಕ್ಕೋ ಕಾಯಿ, ರಬ್ಬರ್ ಮರದ ಗೆರಟೆ, ಒಂದೊಂದೂ ಸೊಳ್ಳೆಯ ಬಾಣಂತಿ ಕೋಣೆ. ಫಾಗಿಂಗ್ ಹೊಗೆಗೆ ಹಾರುವ ಸೊಳ್ಳೆ ಸಾಯಬಹುದು, ನೀರೊಳಗಿನ ಮರಿಗೆ ಅದು ತಟ್ಟುವುದಿಲ್ಲ.

2020ರ ಮಾರ್ಚ್‌ನಲ್ಲಿ ಕೊರೋನಾ ಎಂದು ಕರ್ನಾಟಕದ ಗಡಿ ರಸ್ತೆಗಳಿಗೆ ಮಣ್ಣು ಸುರಿದರಲ್ಲ, ಮಂಗಳೂರಿಗೆ ಹೋಗಲಾಗದೆ ಕೇರಳದ ನಮ್ಮ ಕಾಸರಗೋಡು ಜಿಲ್ಲೆಯ ರೋಗಿಗಳು ತೀರಿಕೊಂಡರಲ್ಲ, ಆಗ ಆಸ್ಪತ್ರೆ ಕೊಡಿ ಎಂದು ನಾನೂ ಇಲ್ಲೇ ಉದ್ದುದ್ದ ಬರೆದಿದ್ದೆ. ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಕಲ್ಲು ಹಾಕಿತ್ತು. ಆ ಬೇಡಿಕೆ ಇವತ್ತಿಗೂ ಬಿಟ್ಟಿಲ್ಲ. ಆದರೆ ಬಡ ದೇಶಗಳಲ್ಲಿ ಜೀವ ಉಳಿದದ್ದು ಹೆಚ್ಚಾಗಿ ಕಟ್ಟಡದಿಂದಲ್ಲ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಎದ್ದು ಡ್ರಿಪ್ ಬಾಟಲಿ ಮುಗಿದಾಗ ಡಾ. ದಿಲೀಪ್ ಮಹಲನಬಿಸ್ ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಕಲಸಿದ ನೀರನ್ನು ಡ್ರಮ್ಮಿನಲ್ಲಿಟ್ಟು, ರೋಗಿಗಳ ಮನೆಯವರಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ಮನೆಯವರ ಕೈಗೆ ಕೊಡಬೇಕಾದರೆ ಮನೆಯವರ ಭಾಷೆಯಲ್ಲಿ ಹೇಳಬೇಕು. ನಮಗೆ ಸಿಕ್ಕಿದ ಡೆಂಗಿ ಚೀಟಿ ಪೂರಾ ಮಲಯಾಳದಲ್ಲಿತ್ತು. ಅಮ್ಮ ಮಲಯಾಳ ಮಾತಾಡ್ತಾರೆ, ಓದಲು ಬರುವುದಿಲ್ಲ. ಚೀಟಿ ಕಪಾಟಿನ ಅಡಿಗೆ ಹಾಸಲು ಹೋಯಿತು. ಬಸ್ಸಿನ ಬೋರ್ಡಿಗೆ, ಶಾಲೆಯ ಮಾಸ್ಟ್ರ ನೇಮಕಕ್ಕೆ ನಾವು ಕನ್ನಡಿಗರು ಧರಣಿ ಕೂತಿದ್ದೇವೆ, ಕೂರಲೇಬೇಕು. ಜ್ವರದ ಚೀಟಿಗಾಗಿ ಒಂದು ಅರ್ಜಿಯನ್ನಾದರೂ ಕೊಟ್ಟದ್ದು ನನಗೆ ನೆನಪಿಲ್ಲ.

ಚೀಟಿ ಮಾಡದ್ದನ್ನು ಆಶಾ ಅಕ್ಕ ಅರ್ಧ ತುಳು ಅರ್ಧ ಕನ್ನಡದಲ್ಲಿ ಮಾಡಿದರು. ದೇಶದ ಆಶಾ ಕಾರ್ಯಕರ್ತೆಯರಿಗೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಶಸ್ತಿ ಕೊಟ್ಟಿತು. 2025ರ ಫೆಬ್ರವರಿಯಲ್ಲಿ ಕೇರಳದ ಆಶಾಗಳು ತಿಂಗಳಿಗೆ 7,000 ರೂಪಾಯಿ ಗೌರವಧನ ಸಾಲದೆಂದು ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ಬೀದಿಯಲ್ಲಿ ಕೂತರು. ಕೇಳಿದ್ದು 21,000. ತೋಟದ ಆಳಿನ ದಿನದ ಸಂಬಳ ಗೊತ್ತಿರುವ ಯಾರಿಗೂ ಅದು ದುರಾಸೆ ಅನ್ನಿಸಲಾರದು.

ನಿನ್ನೆ ಅವರು ಬರುವ ಮೊದಲೇ ಅಮ್ಮ ಹಾಳೆಗಳನ್ನೆಲ್ಲ ಕವುಚಿ ಹಾಕಿ, ಕೈ ಕಟ್ಟಿ ಕಾಯುತ್ತಿದ್ದರು. ಆಶಾ ಅಕ್ಕ ಸುತ್ತ ನೋಡಿ, ಬೇಲಿ ಪಕ್ಕದಿಂದ ಒಂದು ಕೊಕ್ಕೋ ಕಾಯಿ ಹೆಕ್ಕಿ ತಂದರು. ತೂತಿನ ತುಂಬ ನೀರು.